ಚಂದ ಅಂತ ತಂದ ಹೂ, ಕೆರೆ ನುಂಗಿದ ಕಥೆ

ಗಿಡದ ಹಿಂದಿನ ಇತಿಹಾಸ | ಭಾಗ 4

ಕೆರೆ ತುಂಬಾ ಹಸಿರು ಎಲೆ, ಮೇಲೆ ತಿಳಿ ನೇರಳೆ ಹೂ. ಫೋಟೋಗೆ ಸಖತ್ತಾಗಿ ಬರುತ್ತೆ. ಆದ್ರೆ ಈ ಹೂ ನಮ್ಮದಲ್ಲ. ಹೆಸರು ವಾಟರ್ ಹಯಸಿಂತ್, ತವರು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ.

19ನೇ ಶತಮಾನದ ಕೊನೆಯಲ್ಲಿ ಇದು ಬಂಗಾಳಕ್ಕೆ ಬಂದದ್ದು ತೋಟದ ಅಲಂಕಾರದ ಗಿಡವಾಗಿ. ಕೊಳದಿಂದ ಕಾಲುವೆಗೆ, ಕಾಲುವೆಯಿಂದ ನದಿಗೆ ಹೋಯ್ತು. ಸರಿಯಾದ ನೀರು ಸಿಕ್ಕರೆ ಎರಡೇ ವಾರದಲ್ಲಿ ದುಪ್ಪಟ್ಟಾಗುತ್ತೆ! ದೋಣಿ ಓಡಾಡೋದು ಕಷ್ಟವಾಯ್ತು, ಭತ್ತದ ಗದ್ದೆ, ಮೀನು ಎರಡಕ್ಕೂ ಪೆಟ್ಟು ಬಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಜನ ಸಿಟ್ಟಿಗೆ ಶತ್ರು ದೇಶದ ಹೆಸರನ್ನೇ ಇಟ್ಟರು: ‘ಜರ್ಮನ್ ಪಾನಾ’.

1936ರಲ್ಲಿ ಬಂಗಾಳ ಸರ್ಕಾರ ಇದಕ್ಕೆಂದೇ ಕಾನೂನು ಮಾಡ್ತು. ಮನೆ ಸುತ್ತಮುತ್ತ ಈ ಗಿಡ ಇಟ್ಟುಕೊಳ್ಳೋ ಹಾಗಿಲ್ಲ! 1937ರ ಚುನಾವಣೆಯಲ್ಲಿ ಇದನ್ನು ಕಿತ್ತು ಹಾಕ್ತೀವಿ ಅನ್ನೋದೂ ಪಕ್ಷಗಳ ಭರವಸೆಯಾಗಿತ್ತು.

ನಮ್ಮ ಕಡೆಗೆ ಬಂದ್ರೆ, ಈ ಗಿಡ ತಿನ್ನೋ ಸೊಂಡಿಲು ಹುಳುಗಳನ್ನು 1982ರಲ್ಲಿ ಅಮೆರಿಕದಿಂದ ತರಿಸಿ, ಪರೀಕ್ಷೆ ಮಾಡಿ, ಆಮೇಲೆ ಬೆಂಗಳೂರಿನ ಕೆರೆಗಳಿಗೆ ಬಿಟ್ಟರು. ಹುಳುಗಳು ಕೆಲಸ ಮಾಡಿದವು. ಆದ್ರೆ ನಾವು ಚರಂಡಿ ನೀರು ಬಿಡ್ತಾನೇ ಇದ್ರೆ, ಅದೇ ಇದಕ್ಕೆ ಗೊಬ್ಬರ. ಬೆಳ್ಳಂದೂರು, ವರ್ತೂರು ಕೆರೆ ನೋಡಿದವರಿಗೆ ಹೇಳೋದೇ ಬೇಡ.

ಹಾಗಾದ್ರೆ ಮನೇಲಿ ನೀರಿನ ಹೂ ಬೆಳೆಸಬಾರದಾ? ಖಂಡಿತ ಬೆಳೆಸಿ, ನಮ್ಮ ನೆಲದ್ದನ್ನು.

🌸 ನೈದಿಲೆ: ಅಗಲವಾದ ಟಬ್, ತಳದಲ್ಲಿ ಅರ್ಧ ಅಡಿ ಕೆರೆಗೋಡಿನಂಥ ಅಂಟುಮಣ್ಣು, ಮೇಲೆ ನೀರು, ಒಳ್ಳೆ ಬಿಸಿಲು. ಗೆಡ್ಡೆ ಇರೋದ್ರಿಂದ ವರ್ಷ ವರ್ಷ ಚಿಗುರುತ್ತೆ. ಅಂಗಡಿಯಲ್ಲಿ ಹೈಬ್ರಿಡ್ಡೇ ಜಾಸ್ತಿ, ಕೇಳಿ ತಗೊಳ್ಳಿ.

🌿 ಬಜೆ: ಮಗುವಿಗೆ ತೇಯ್ದು ನೆಕ್ಕಿಸ್ತಿದ್ದ ಅದೇ ಬೇರು. ಸದಾ ತೇವ ಇರೋ ಕುಂಡ ಸಾಕು.

🍃 ಒಂದೆಲಗ: ತುಳುನಾಡಲ್ಲಿ ತಿಮರೆ. ಹಿಂದೆ ಬಚ್ಚಲು ನೀರು ಹರಿಯೋ ಜಾಗದಲ್ಲಿ ತಾನಾಗೇ ಹಬ್ಬುತ್ತಿತ್ತು, ಅಲ್ಲಿಂದ ಸೀದಾ ತಂಬುಳಿಗೆ. ಒಂದು ಬಳ್ಳಿ ತುಂಡು ನೆಟ್ಟರೆ ಕುಂಡ ತುಂಬುತ್ತೆ.

ಎರಡು ಮಾತು ನೆನಪಿರಲಿ. ಕೆರೆಯಿಂದ ಗಿಡ ಕಿತ್ತು ತರಬೇಡಿ, ಬೆಳೆಸಿದವರ ಹತ್ತಿರ ಗೆಡ್ಡೆ ಕೇಳಿ. ಮತ್ತೆ ಟಬ್‌ನಲ್ಲಿ ಹೆಚ್ಚಾದ ಗಿಡವನ್ನು ಯಾವತ್ತೂ ಕೆರೆಗೋ ಮೋರಿಗೋ ಎಸೀಬೇಡಿ, ಒಣಗಿಸಿ ಗೊಬ್ಬರ ಮಾಡಿ. ಬಂಗಾಳದ ಕಥೆ ಶುರುವಾಗಿದ್ದೂ ಯಾರದೋ ತೋಟದ ಕೊಳದಿಂದಲೇ.

ನಿಮ್ಮೂರಲ್ಲಿ ಒಂದೆಲಗಕ್ಕೆ ಏನಂತಾರೆ? ಕಾಮೆಂಟಲ್ಲಿ ಹೇಳಿ. ಭಾಗ 5ರಲ್ಲಿ ಲಂಟಾನ 👀

#ಗಿಡದಇತಿಹಾಸ #ನೈದಿಲೆ #ಒಂದೆಲಗ #ನಮ್ಮಕೆರೆ