‘ಬಂತು’ ಅಥವಾ ‘ಬಂದಳು’: ರೋಬೋಟ್ ಗ್ರಹಿಕೆಯ ಮಾಪನ ಮತ್ತು ಕನ್ನಡದ ಲಿಂಗವ್ಯವಸ್ಥೆ

ರೋಬೋಟನ್ನು ಕಂಡವರಿಗೆ ಏನನ್ನಿಸಿತು ಎಂಬುದನ್ನು ಅಳೆಯಲು ಬಹಳ ಸಂಶೋಧಕರು ಬಳಸುವುದು ‘ಗಾಡ್‌ಸ್ಪೀಡ್’ ಪ್ರಶ್ನಾವಳಿಯನ್ನು. ಕ್ರಿಸ್ಟೋಫ್ ಬಾರ್ಟ್ನೆಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಈ ಮಾಪಕಕ್ಕೆ ಐದು ಮುಖಗಳಿವೆ: ಮಾನವಸಾದೃಶ್ಯ, ಸಜೀವತೆ, ಮೆಚ್ಚಿಕೆ, ಬುದ್ಧಿಮತ್ತೆ, ಸುರಕ್ಷತೆ. ‘ಯಂತ್ರದಂತೆ–ಮನುಷ್ಯರಂತೆ’ ಎಂಬಂಥ ವಿರುದ್ಧಪದಗಳ ನಡುವೆ 1ರಿಂದ 5ರವರೆಗೆ ಅಂಕ ಕೊಡಬೇಕು. ಈ ಮಾಪಕವನ್ನು ಕನ್ನಡಕ್ಕೆ ತರುವಾಗ ನಮ್ಮ ವ್ಯಾಕರಣವೂ ಅಳತೆಯೊಳಗೆ ಸೇರಿಕೊಳ್ಳುತ್ತದೆ ಎಂಬುದು ಈ ಲೇಖನದ ವಾದ.

ಮೂಲ ಮಾಪಕದಲ್ಲೇ ಒಂದು ತೊಡಕಿದೆ. ‘ಕೃತಕ–ಜೀವಂತ’ ಎಂಬರ್ಥದ ಜೋಡಿ ಮಾನವಸಾದೃಶ್ಯ, ಸಜೀವತೆ ಎರಡರಲ್ಲೂ ಬರುತ್ತದೆ. ಮುಖಗಳು ಒಂದರೊಳಗೊಂದು ಬೆರೆತಿವೆ ಎಂದು ಹೋ ಮತ್ತು ಮ್ಯಾಕ್‌ಡಾರ್ಮನ್ 2010ರಲ್ಲಿ ತೋರಿಸಿದರು.

ಕನ್ನಡ ಮಾನವಸಾದೃಶ್ಯ, ಸಜೀವತೆ ಎರಡನ್ನೂ ಕ್ರಿಯಾಪದದಲ್ಲೇ ಬೇರ್ಪಡಿಸುತ್ತದೆ. ಕಲ್ಲು ‘ಬಿತ್ತು’; ಹಸು ‘ಬಂತು’, ಮಗು ‘ಅತ್ತಿತು’ ಎಂಬಲ್ಲಿ ಜೀವವಿದ್ದರೂ ನಪುಂಸಕಲಿಂಗವೇ. ‘ಬಂದಳು’, ‘ಬಂದನು’ ಎನ್ನಲು ಜೀವ ಸಾಲದು, ವ್ಯಕ್ತಿತ್ವ ಬೇಕು. ಅಕ್ಕರೆಯಿಂದ ಸಾಕಿದ ನಾಯಿ ಕೆಲವೊಮ್ಮೆ ‘ಬಂದ’ ಆಗುತ್ತದೆ. ಆದ್ದರಿಂದ ರೋಬೋಟಿನ ಬಗ್ಗೆ ಮಾತನಾಡುವವರು ಯಾವ ಪ್ರತ್ಯಯ ಹಚ್ಚುತ್ತಾರೆ ಎಂಬುದು ನಾವು ಕೇಳದೆಯೇ ಅವರು ಕೊಡುವ ಉತ್ತರ.

ಇದೇ ಕಾರಣಕ್ಕೆ ಅನುವಾದದಲ್ಲಿ ಅಪಾಯವೂ ಇದೆ. ಬುದ್ಧಿಮತ್ತೆಯ ಪ್ರಶ್ನೆಗೆ ‘ದಡ್ಡ–ಬುದ್ಧಿವಂತ’ ಎಂದು ಬರೆದರೆ, ಅಂಕ ಕೊಡುವ ಮೊದಲೇ ರೋಬೋಟ್ ಗಂಡಸಾಗಿಬಿಡುತ್ತದೆ. ‘ಬುದ್ಧಿ ಕಡಿಮೆ–ಬುದ್ಧಿ ಹೆಚ್ಚು’ ಎಂದರೆ ಆ ಒಲವು ತಪ್ಪುತ್ತದೆ.

ಇಸ್ರೊ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿಸಿದ, ಹೆಣ್ಣಿನ ರೂಪದ ರೋಬೋಟ್ ‘ವ್ಯೋಮಮಿತ್ರ’ವನ್ನು ನೆನೆಯಬಹುದು. ಅದು ತನ್ನನ್ನು ತಾನೇ ಪರಿಚಯಿಸಿಕೊಂಡಿತು. ಕನ್ನಡದಲ್ಲಿ ತನ್ನ ಬಗ್ಗೆ ತಾನೇ ಹೇಳುವ ‘ನಾನು ಬಂದೆ’ ಎಂಬಲ್ಲಿ ಲಿಂಗ ಕಾಣದು. ‘ಮಾತನಾಡಿತು’ ಅಥವಾ ‘ಮಾತನಾಡಿದಳು’ ಎಂಬ ಆಯ್ಕೆ ಕೇಳಿದವರ ಪಾಲಿಗೇ ಬರುತ್ತದೆ.

ಒಂದು ಎಚ್ಚರ ಅಗತ್ಯ. ಹವ್ಯಕ ಕನ್ನಡದಲ್ಲಿ ‘ಅಕ್ಕ ಬಂತು’ ಎನ್ನುವುದು ಸಹಜ. ಅಲ್ಲಿ ‘ಬಂತು’ ಯಂತ್ರಭಾವದ ಗುರುತಲ್ಲ. ಹಾಗಾಗಿ ಪ್ರತಿ ಉತ್ತರದ ಜೊತೆ ಉಪಭಾಷೆಯನ್ನೂ ದಾಖಲಿಸಬೇಕು.

ಕನ್ನಡದಲ್ಲಿ ಇಂಥ ಅಧ್ಯಯನ ಮಾಡುವವರು ಈ ಕ್ರಮ ಪಾಲಿಸಲಿ: ಮೊದಲು ಜನ ರೋಬೋಟಿನ ಬಗ್ಗೆ ತಮ್ಮ ಮಾತಿನಲ್ಲೇ ಹೇಳಲಿ, ಕ್ರಿಯಾಪದಗಳನ್ನು ಎಣಿಸೋಣ. ಪ್ರಶ್ನಾವಳಿ ಆಮೇಲೆ ಬರಲಿ, ಅದರಲ್ಲಿ ಲಿಂಗಸೂಚಕ ಪದ ಒಂದೂ ಇರದಿರಲಿ.