ಮೊದಲು ಯಾರ ರಕ್ತ ಪರೀಕ್ಷೆ?

ಒಬ್ಬರಿಗೆ ಎಚ್‌ಐವಿ ಇದೆಯೆಂದು ಗೊತ್ತಾದರೆ ಅವರ ಗಂಡ ಅಥವಾ ಹೆಂಡತಿಯನ್ನೂ, ಮಕ್ಕಳನ್ನೂ ಕರೆಸಿ ಪರೀಕ್ಷೆ ಮಾಡುತ್ತಾರೆ. ಸರಕಾರಿ ಆಸ್ಪತ್ರೆಯವರು ಇದಕ್ಕೆ ಇಂಡೆಕ್ಸ್ ಟೆಸ್ಟಿಂಗ್ ಅನ್ನುತ್ತಾರೆ. ಕೇಳಲಿಕ್ಕೆ ಸುಲಭದ ಕೆಲಸ. ಆದರೆ ಇದು ಈಗಿನ ರೂಪಕ್ಕೆ ಬರಲು ಮೂವತ್ತು ವರ್ಷ ಹಿಡಿಯಿತು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅದನ್ನು ಪತ್ತೆ ಮಾಡಿದವರು. ಆಗ ಮದ್ದಿರಲಿಲ್ಲ, ಹೆದರಿಕೆ ಮಾತ್ರ ಇತ್ತು. ನಮ್ಮ ಪಕ್ಕದ ಗೋವಾದಲ್ಲಿ 1989ರ ಫೆಬ್ರವರಿಯಲ್ಲಿ ಡೊಮಿನಿಕ್ ಡಿಸೋಜ ಎಂಬ ಯುವಕನನ್ನು ಪೊಲೀಸರು ಕರೆದುಕೊಂಡು ಹೋಗಿ ಹಳೆಯ ಕ್ಷಯರೋಗದ ಆಸ್ಪತ್ರೆಯಲ್ಲಿ 64 ದಿನ ಕೂಡಿ ಹಾಕಿದರು. ಆತ ಮಾಡಿದ್ದೇನು? ರಕ್ತದಾನ. ಆ ರಕ್ತದಲ್ಲಿ ಸೋಂಕು ಕಂಡಿತ್ತು, ಅಲ್ಲಿನ ಕಾನೂನು ಹಾಗೆ ಕೂಡಿ ಹಾಕಲು ಹೇಳುತ್ತಿತ್ತು. ಇಂಥ ಸುದ್ದಿ ಕೇಳಿದವರು ತಮ್ಮ ಮನೆಯವರ ಹೆಸರು ಹೇಳಿಯಾರೇ?

ಆಮೇಲೆ ಬಂದದ್ದು ಬಸುರಿಯರ ಪರೀಕ್ಷೆ. ಎಚ್‌ಐವಿ ಇರುವ ತಾಯಿಗೆ ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟಬಹುದು. ಮದ್ದು ಕೊಟ್ಟರೆ ಬಹುಪಾಲು ತಡೆಯಬಹುದು. ಹಾಗಾಗಿ ಪರೀಕ್ಷೆ ಬೇಕೇ ಬೇಕಿತ್ತು, ಎಷ್ಟೋ ಮಕ್ಕಳು ಅದರಿಂದ ಉಳಿದರು. ಆದರೆ ಒಂದು ಎಡವಟ್ಟಾಯಿತು. ಮನೆಯಲ್ಲಿ ಮೊದಲು ರಕ್ತ ಕೊಟ್ಟವಳು ಸೊಸೆ. ಗಂಡ ಬೊಂಬಾಯಿ ಹೋಟೆಲಿನಲ್ಲಿರಲಿ, ಲಾರಿಯಲ್ಲಿರಲಿ, ಊರಲ್ಲೇ ಇರಲಿ, ಅವನ ಪರೀಕ್ಷೆ ಆಮೇಲೆ, ಕೆಲವೊಮ್ಮೆ ಇಲ್ಲವೇ ಇಲ್ಲ. ಮೊದಲು ಯಾರಲ್ಲಿ ಕಂಡಿತೋ ಅವರೇ ತಂದವರು ಎಂದು ಮನೆಯವರು ತೀರ್ಮಾನಿಸಿಬಿಡುತ್ತಿದ್ದರು. ರಕ್ತಪರೀಕ್ಷೆಗೆ ಅದನ್ನು ಹೇಳುವ ಶಕ್ತಿಯೇ ಇಲ್ಲ. ಸೋಂಕು ಇದೆಯೋ ಇಲ್ಲವೋ ಅಷ್ಟೇ ಅದಕ್ಕೆ ಗೊತ್ತು, ಯಾರಿಂದ ಯಾರಿಗೆ ಎಂಬುದು ಗೊತ್ತಾಗುವುದಿಲ್ಲ. ಇದನ್ನು ಆಗಲೇ ಗಟ್ಟಿಯಾಗಿ ಹೇಳಬೇಕಿತ್ತು ಎಂದು ನನಗನಿಸುತ್ತದೆ.

2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಎಆರ್‌ಟಿ ಮದ್ದು ಉಚಿತವಾಗಿ ಸಿಗತೊಡಗಿತು. ಪರೀಕ್ಷೆಗೆ ಅರ್ಥ ಬಂದದ್ದು ಆಗ. 2011ರಲ್ಲಿ ಇನ್ನೊಂದು ವಿಷಯ ಸಾಬೀತಾಯಿತು. 1763 ಜೋಡಿಗಳ ಮೇಲೆ ಹಲವು ದೇಶಗಳಲ್ಲಿ ಒಂದು ಅಧ್ಯಯನ ನಡೆದಿತ್ತು. ಚೆನ್ನೈ, ಪುಣೆಯವರೂ ಅದರಲ್ಲಿದ್ದರು. ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಸೋಂಕು. ಅವರಿಗೆ ಬೇಗ ಮದ್ದು ಶುರು ಮಾಡಿದರೆ ಸಂಗಾತಿಗೆ ದಾಟುವುದು 96 ಶೇಕಡ ಕಡಿಮೆ ಎಂದು ಕಂಡಿತು. ಅಂದರೆ ಮನೆಯವರ ಪರೀಕ್ಷೆ ಸೋಂಕು ಹುಡುಕಲು ಮಾತ್ರ ಅಲ್ಲ. ಸೋಂಕು ಇಲ್ಲ ಎಂದು ಬಂದ ಗಂಡನನ್ನೋ ಹೆಂಡತಿಯನ್ನೋ ಹಾಗೆಯೇ ಉಳಿಸಿಕೊಳ್ಳಲೂ ಬೇಕು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಸಂಗಾತಿ ಪರೀಕ್ಷೆಯನ್ನು ಶಿಫಾರಸು ಮಾಡಿತು. ಮರುವರ್ಷ ಭಾರತದಲ್ಲಿ, ಪತ್ತೆಯಾದ ಎಲ್ಲರಿಗೂ ಕೂಡಲೇ ಮದ್ದು ಎಂಬ ನಿಯಮ ಬಂತು.

ಇನ್ನು ಗುಟ್ಟಿನ ವಿಷಯ. ಮಳೆಗಾಲದಲ್ಲಿ ಗುಡ್ಡ ಜರಿದರೆ ಚಾರ್ಮಾಡಿ ಘಾಟಿ ಬಂದ್ ಆಗುತ್ತದೆ, ಸುದ್ದಿ ಬಂದ್ ಆಗುವುದಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಗುರುತಿನವರು ಸಿಕ್ಕಿಯಾರು ಎಂದು ಒಂದು ದಿನದ ಕೂಲಿ ಬಿಟ್ಟು ಮಂಗಳೂರಿಗೆ ಬಸ್ಸು ಹತ್ತುವ ಯೋಚನೆ ಯಾರಿಗಾದರೂ ಬಂದರೆ ತಪ್ಪು ಹೇಳಲಾರೆ.

ಈ ಹೆದರಿಕೆಗೆ ಕಾನೂನು ಉತ್ತರ ಕೊಟ್ಟದ್ದು ತಡವಾಗಿ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ. ಸಂಗಾತಿಗೆ ವಿಷಯ ತಿಳಿಸಬೇಕಾದವರು ಮೊದಲಿಗೆ ಸೋಂಕಿತರೇ. ಅವರು ತಿಳಿಸುವುದಿಲ್ಲ, ಸಂಗಾತಿಗೆ ಅಪಾಯವಿದೆ ಎಂದು ಖಚಿತವಾದರೆ ವೈದ್ಯರು ಅಥವಾ ಆಪ್ತ ಸಮಾಲೋಚಕರು ಹೇಳಬಹುದು. ಅದೂ ಸೋಂಕಿತರಿಗೆ ಮುಂಚೆ ತಿಳಿಸಿ, ಸಂಗಾತಿಗೆ ಎದುರಲ್ಲೇ ಕೂತು. ಆಸ್ಪತ್ರೆಯ ಬೇರೆ ಯಾರಿಗೂ ಆ ಅಧಿಕಾರವಿಲ್ಲ. ಹೆಂಗಸಿಗೆ ಹೊಡೆತ ಬೀಳಬಹುದು, ಮನೆಯಿಂದ ಹೊರಗೆ ಹಾಕಬಹುದು ಎಂಬ ಭಯವಿದ್ದರೆ ಅವಳ ವಿಷಯವನ್ನು ಗಂಡನಿಗೆ ಹೇಳುವಂತಿಲ್ಲ. ಬಸುರಿ ಸೊಸೆಯರ ಮೇಲೆ ಬಿದ್ದ ಹೊರೆಯನ್ನು ಕಾನೂನು ನೋಡಿದ್ದು ಈ ಒಂದು ಸಾಲಿನಲ್ಲಿ.

ಸಮಾಲೋಚಕರಲ್ಲಿ ಹೋಗುವ ಮೊದಲು ಫೋನಿನಲ್ಲೇ ಕೇಳಬೇಕೆಂದಿದ್ದರೆ 1097ಕ್ಕೆ ಕರೆ ಮಾಡಬಹುದು, ದುಡ್ಡು ಹೋಗುವುದಿಲ್ಲ.