ದೇವರ ಪರಿಪಾಲನೆ ಮತ್ತು ನಮ್ಮ ಹೊಣೆ: ಪುತ್ತೂರು, ಸುಳ್ಯ, ಕಡಬದ ವಲಸೆ ಸಭೆಗಳ ಇತಿಹಾಸದಿಂದ

ಕುಮಾರಧಾರೆ, ಪಯಸ್ವಿನಿ ನದಿಗಳ ಕಣಿವೆಗಳಲ್ಲಿರುವ ಸುರಿಯಾನಿ ಪರಂಪರೆಯ ಸಭೆಗಳ ಇತಿಹಾಸವು ಬಹಳ ಹಳೆಯದಲ್ಲ. ಕಳೆದ ಶತಮಾನದ ನಡುಭಾಗದಲ್ಲಿ ತಿರುವಾಂಕೂರಿನ ಕೃಷಿಕ ಕುಟುಂಬಗಳು ಮಲಬಾರಿಗೂ ಅದರಿಂದಾಚೆ ದಕ್ಷಿಣ ಕನ್ನಡದ ಘಟ್ಟದ ತಪ್ಪಲಿಗೂ ವಲಸೆ ಬಂದವು. ಹುಟ್ಟೂರಿನಲ್ಲಿ ಭೂಮಿ ಸಾಲದಾಗಿತ್ತು. 1942ರಲ್ಲಿ ಬರ್ಮಾ ದೇಶವು ಜಪಾನಿನ ವಶವಾಗಿ ಅಲ್ಲಿಯ ಅಕ್ಕಿ ನಿಂತುಹೋದ ಮೇಲೆ ಹಸಿವು ತೀವ್ರವಾಗಿತ್ತು.

ಈ ವಲಸೆಯನ್ನು ದೇವರ ನಡೆಸುವಿಕೆಯೆಂದು ಸಭೆಯು ಸ್ಮರಿಸುವುದು ಯುಕ್ತವೇ. ಆದರೆ ಆ ಮೊದಲ ತಲೆಮಾರಿನ ನಂಬಿಕೆಯು ಕೈಕಟ್ಟಿ ಕುಳಿತ ನಂಬಿಕೆಯಾಗಿರಲಿಲ್ಲ. ಮಲೇರಿಯಾ ಜ್ವರ ಬಂದಾಗ ಪ್ರಾರ್ಥನೆಯೂ ಇತ್ತು, ಕ್ವಿನೈನ್ ಗುಳಿಗೆಯೂ ಇತ್ತು. ನೆಹೆಮೀಯನ ಕಾಲದಲ್ಲಿ ಗೋಡೆ ಕಟ್ಟಿದವರು ದೇವರನ್ನು ಬೇಡಿಕೊಂಡು ಕಾವಲನ್ನೂ ಇಟ್ಟಂತೆಯೇ (ನೆಹೆಮೀಯ 4:9) ಇವರೂ ನಡೆದುಕೊಂಡರು. ಕೆಲಸ ಮಾಡುವವನು ದೇವರಾದ್ದರಿಂದಲೇ ನಾವೂ ಭಯಭಕ್ತಿಯಿಂದ ದುಡಿಯಬೇಕೆಂಬುದು ಪೌಲನ ತರ್ಕವಲ್ಲವೇ (ಫಿಲಿಪ್ಪಿ 2:12-13)? ವಲಸೆ ಬಂದವರ ಸಭೆಗಳು ಬೆಳೆದು, 2010ರಲ್ಲಿ ಮಲಂಕರ ಕಥೋಲಿಕ ಸಭೆಗೆ ಪುತ್ತೂರು ಧರ್ಮಪ್ರಾಂತ್ಯವೂ ಸ್ಥಾಪನೆಯಾಯಿತು.

ಆದರೂ ಈ ಇತಿಹಾಸವನ್ನು ಕೃತಜ್ಞತೆಯಿಂದ ಮಾತ್ರವೇ ಓದಿದರೆ ಸಾಲದು. ವಾಗ್ದಾನ ದೇಶದ ಕಥೆಯನ್ನು ನಮ್ಮ ಕಥೆಯನ್ನಾಗಿ ಮಾಡಿಕೊಳ್ಳುವಾಗ ಒಂದು ಅಪಾಯವುಂಟು. ಈ ನೆಲವು ಬರಿದಾಗಿರಲಿಲ್ಲ. ತುಳು, ಅರೆಭಾಷೆಗಳನ್ನಾಡುವ ಕೃಷಿಕರೂ ಕಾಡನ್ನೇ ಆಶ್ರಯಿಸಿದ ಮಲೆಕುಡಿಯರೂ ಇಲ್ಲಿದ್ದರು. ಕಾಡು ಕಡಿದು ರಬ್ಬರು ನೆಟ್ಟ ಗುಡ್ಡಗಳಲ್ಲಿ ವಲಸಿಗರ ತೋಟಗಳಿದ್ದವು, ಸರ್ಕಾರದ ನೆಡುತೋಪುಗಳೂ ಇದ್ದವು. ದೇವರು ನಡೆಸಿದನೆಂಬ ಸಾಕ್ಷ್ಯವು ನಾವು ಮಾಡಿದ್ದೆಲ್ಲವೂ ಸರಿಯೆಂಬ ವಾದವಾಗಿ ಮಾರ್ಪಡಬಾರದು.

2013ರ ಕಸ್ತೂರಿರಂಗನ್ ಸಮಿತಿಯ ವರದಿಯು ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದಾಗ, ಇಲ್ಲಿಯ ಕೃಷಿಕರು ತಮ್ಮ ಬದುಕಿನ ಕುರಿತು ಭಯಪಟ್ಟರು. ಆ ಭಯವು ನಿಜವಾದದ್ದು. 2018ರ ಆಗಸ್ಟಿನಲ್ಲಿ ಸುಳ್ಯದ ಮೇಲ್ಭಾಗದ ಜೋಡುಪಾಲದಲ್ಲಿ ಗುಡ್ಡ ಕುಸಿದು, ನಿರಾಶ್ರಿತರು ಸುಳ್ಯ ತಾಲೂಕಿಗಿಳಿದು ಬಂದದ್ದೂ ಅಷ್ಟೇ ನಿಜ. ಅಂಥ ದಿನಗಳಲ್ಲಿ "ದೇವರ ಚಿತ್ತ" ಎಂಬ ಒಂದೇ ಮಾತಿನಿಂದ ಸಭಾಪಾಲಕರು ಪ್ರಶ್ನೆಯನ್ನು ಮುಚ್ಚಿಬಿಡುವುದು ದೇವರ ಸಾರ್ವಭೌಮತ್ವಕ್ಕೆ ಗೌರವವಲ್ಲ. ಅದು ನಮ್ಮ ಹೊಣೆಯನ್ನು ಆತನ ಮೇಲೆ ಹೊರಿಸುವುದೇ ಆಗಿದೆ.

ತೋಟವನ್ನು ವ್ಯವಸಾಯ ಮಾಡುವುದೂ ಕಾಯುವುದೂ ಮನುಷ್ಯನಿಗೆ ಒಟ್ಟಿಗೇ ಒಪ್ಪಿಸಲ್ಪಟ್ಟ ಕೆಲಸ (ಆದಿಕಾಂಡ 2:15). ನಮ್ಮ ಹಿರಿಯರು ಮೊದಲನೆಯದನ್ನು ಬೆವರು ಸುರಿಸಿ ನೆರವೇರಿಸಿದರು. ಎರಡನೆಯದು ನಮ್ಮ ಪಾಲಿಗೆ ಉಳಿದಿದೆ.